ಮೂರು ಪುಸ್ತಕ, ಒಂದೇ ಲೆಕ್ಕ

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಮತ್ತು ಪುಸ್ತಕ ಬರಹಗಾರರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಘದ ಹಣ ಮೂರು ಕಡೆ ಬರೆದಿರುತ್ತದೆ. ಸದಸ್ಯೆಯ ಕೈಯಲ್ಲಿರುವ ಚಿಕ್ಕ ಪಾಸ್ ಪುಸ್ತಕದಲ್ಲಿ, ಸಂಘದ ಪೆಟ್ಟಿಗೆಯಲ್ಲಿರುವ ಲೆಕ್ಕದ ಪುಸ್ತಕದಲ್ಲಿ, ಬ್ಯಾಂಕಿನ ಪಾಸ್ ಪುಸ್ತಕದಲ್ಲಿ. ಮೂರೂ ಒಂದೇ ಲೆಕ್ಕ ಹೇಳಬೇಕು. ಇವತ್ತಿನ ಮಾತೆಲ್ಲ ಇದೊಂದರ ಸುತ್ತಲೇ ಇರುತ್ತದೆ: ಮೂರು ಬೇರೆ ಬೇರೆ ಹೇಳಿದಾಗ ತಪ್ಪು ಹುಡುಕುವುದು ಹೇಗೆ, ಹಾಗಾಗದಂತೆ ಮೊದಲೇ ಏನು ಮಾಡಿಟ್ಟುಕೊಳ್ಳಬೇಕು.

ಪುಸ್ತಕ ಬರೆಯುವುದು ಬ್ಯಾಂಕಿನವರಿಗೆ ತೋರಿಸಲಿಕ್ಕೆ, ಆಡಿಟ್‌ನವರಿಗೆ ಒಪ್ಪಿಸಲಿಕ್ಕೆ ಎಂಬ ಭಾವನೆ ಬಹಳ ಕಡೆ ಇದೆ. ವಾರಕ್ಕೆ 50 ರೂಪಾಯಿ ಕಟ್ಟುವ, ಅಕ್ಷರ ಬಾರದ ಒಬ್ಬ ಅಕ್ಕ ಸಭೆಯಲ್ಲಿ ಎದ್ದು ‘ನನ್ನ ಹೆಸರಲ್ಲಿ ಎಷ್ಟಿದೆ?’ ಎಂದು ಕೇಳಿದರೆ, ಯಾರ ಮುಖವೂ ಕೆಂಪಾಗದೆ ಎರಡು ನಿಮಿಷದಲ್ಲಿ ಉತ್ತರ ಸಿಗಬೇಕು. ಪುಸ್ತಕ ಇರುವುದು ಆ ಎರಡು ನಿಮಿಷಕ್ಕಾಗಿ. ಬ್ಯಾಂಕು, ಆಡಿಟ್ಟು ಎಲ್ಲ ಆಮೇಲೆ.

ಬ್ಯಾಂಕಿಗೂ ಪುಸ್ತಕಕ್ಕೂ ಇರುವ ನಂಟು ಮೊದಲು ತಿಳಿದುಕೊಳ್ಳಿ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಣ್ಣ ಗುಂಪುಗಳನ್ನು ಕಟ್ಟಿ ನೋಡಿತು. 1992ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್, ದೇಶದಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಹೊಲದ ಪತ್ರವಿಲ್ಲ, ಒಡವೆಯ ಅಡವಿಲ್ಲ, ಆದರೂ ಬ್ಯಾಂಕು ಸಾಲ ಕೊಡಲು ಒಪ್ಪಿದ್ದು ಹೆಂಗಸರು ವಾರ ವಾರ ಉಳಿಸಿದ್ದು, ತಮ್ಮೊಳಗೇ ಸಾಲ ಕೊಟ್ಟದ್ದು, ತೀರಿಸಿದ್ದು ಪುಸ್ತಕದಲ್ಲಿ ಕಂಡಿದ್ದರಿಂದ. ಇವತ್ತಿಗೂ ಹಾಗೆಯೇ. ಸಾಲಕ್ಕೆ ಅರ್ಹವಾಗಲು ಸಂಘ ಕನಿಷ್ಠ 6 ತಿಂಗಳು ಸಕ್ರಿಯವಾಗಿ ನಡೆದಿರಬೇಕು. ಆ 6 ತಿಂಗಳನ್ನು ಸಂಘದ ಪುಸ್ತಕದಿಂದ ಎಣಿಸಬೇಕು, ಬ್ಯಾಂಕ್ ಖಾತೆ ತೆರೆದ ದಿನದಿಂದ ಅಲ್ಲ ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಹೇಳುತ್ತದೆ. ಖಾತೆ ತೆರೆಯಲು ತಡವಾದ ಸಂಘಗಳು ಇದನ್ನು ಮರೆಯಬಾರದು. ಪಂಚಸೂತ್ರ ನಿಮಗೆಲ್ಲ ಬಾಯಿಪಾಠ: ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ. ಮೊದಲ ನಾಲ್ಕು ನಡೆದಿವೆ ಎನ್ನುವುದಕ್ಕೆ ಐದನೆಯದೇ ಸಾಕ್ಷಿ.

ಎಲ್ಲ ಕಡೆಯೂ ಒಂದೇ ಸಂಘದ ಲೆಕ್ಕ ಇಟ್ಟುಕೊಳ್ಳೋಣ. ಹನ್ನೆರಡು ಜನ, ವಾರಕ್ಕೆ ತಲಾ 50 ರೂಪಾಯಿ, ಎರಡು ವರ್ಷ ಅಂದರೆ 104 ವಾರ ತಪ್ಪದೆ ಉಳಿಸಿದ್ದಾರೆ. ಒಟ್ಟು ಉಳಿತಾಯ 62,400, ಒಬ್ಬೊಬ್ಬರದು 5,200. ಮಾರ್ಚ್ ತಿಂಗಳ ಕೊನೆಯ ಸಭೆ ಕೂಡಿದೆ ಅಂದುಕೊಳ್ಳಿ.

ಸಭೆ ಶುರುವಾಗುವ ಮೊದಲು ಪೆಟ್ಟಿಗೆ ತೆರೆದು ಹಣ ಎಣಿಸಬೇಕು. ಹೋದ ವಾರದ ನಗದು ಪುಸ್ತಕ 340 ರೂಪಾಯಿ ಉಳಿದಿದೆ ಎಂದಿದ್ದರೆ ಪೆಟ್ಟಿಗೆಯಲ್ಲಿ 340 ಇರಲೇಬೇಕು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಹೊಸ ಹಣ ಸೇರಿಬಿಟ್ಟರೆ ಹಳೆಯ ವ್ಯತ್ಯಾಸ ಮತ್ತೆ ಸಿಗುವುದಿಲ್ಲ. ಆಮೇಲೆ ಉಳಿತಾಯ 600, ಮೂವರಿಂದ ಸಾಲದ ಅಸಲು 1,000, 1,000 ಮತ್ತು 500 ಸೇರಿ 2,500, ಅವರದೇ ಬಡ್ಡಿ 120, 80, 60 ಸೇರಿ 260, ತಡವಾಗಿ ಬಂದ ಒಬ್ಬರ ದಂಡ 10. ಬಂದದ್ದು 3,370. ಹಳೆಯ 340 ಸೇರಿದರೆ 3,710. ಹೋದದ್ದು: ಒಬ್ಬರಿಗೆ ಸಾಲ 3,000, ಲೆಕ್ಕದ ಪುಸ್ತಕ ಕೊಂಡದ್ದಕ್ಕೆ 60, ಬ್ಯಾಂಕಿಗೆ ಕಟ್ಟಲು 500. ಒಟ್ಟು 3,560. ಉಳಿದದ್ದು 150.

ಇಷ್ಟನ್ನೂ ಸಭೆಯಲ್ಲೇ, ಎಲ್ಲರ ಎದುರೇ, ಪೆನ್ನಿನಲ್ಲೇ ಬರೆಯಬೇಕು. ‘ಚೀಟಿಯಲ್ಲಿ ಗೀಚಿಕೊಂಡಿದ್ದೀನಿ, ಮನೆಗೆ ಹೋಗಿ ಬರೀತೀನಿ’ ಅನ್ನುವುದರಿಂದ ಹುಟ್ಟುವಷ್ಟು ತಪ್ಪು ಬೇರೆ ಯಾವುದರಿಂದಲೂ ಹುಟ್ಟುವುದಿಲ್ಲ. ಚೀಟಿ ಕಳೆಯುತ್ತದೆ, ಎರಡು ವಾರದ ಚೀಟಿ ಒಂದಾಗುತ್ತದೆ, ಬರೆಯುವವರಿಗೆ ಜ್ವರ ಬರುತ್ತದೆ. ಸದಸ್ಯೆ ಹಣ ಕೊಟ್ಟ ಕ್ಷಣದಲ್ಲೇ ಅವರ ಪಾಸ್ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಸಭೆ ಮುಗಿಯುವ ಮುನ್ನ ಮೂರು ಸಾಲು ಗಟ್ಟಿಯಾಗಿ ಓದಿ: ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು. ಆಮೇಲೆ ಆ 150 ರೂಪಾಯಿಯನ್ನು, ಪುಸ್ತಕ ಬರೆಯದ ಒಬ್ಬರ ಕೈಯಲ್ಲಿ ಎಣಿಸಿಸಿ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ. ಇದರಲ್ಲಿ ಯಾರ ಮೇಲೂ ಅನುಮಾನವಿಲ್ಲ, ಪೆಟ್ಟಿಗೆ ಇಟ್ಟುಕೊಂಡವರಿಗೆ ನಾಳೆ ಮಾತು ಬರದಿರಲಿ ಎಂದು ಮಾಡುವ ಏರ್ಪಾಡು.

ತಪ್ಪು ಬರೆದರೆ ವೈಟ್ನರ್ ಬೇಡ, ಅಂಕಿಯ ಮೇಲೆ ಅಂಕಿ ತಿದ್ದುವುದೂ ಬೇಡ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಒಬ್ಬ ಪ್ರತಿನಿಧಿಯ ಸಹಿ ಹಾಕಿಸಿ. ಪುಸ್ತಕ ಕೊಂಡ ದಿನವೇ ಪುಟ ಸಂಖ್ಯೆ ಹಾಕಿ, ಹರಿದ ಹಾಳೆ ತಾನಾಗಿ ಗೊತ್ತಾಗುತ್ತದೆ.

ಈಗ ಬಡ್ಡಿ. ‘ನೂರಕ್ಕೆ ಒಂದು ರೂಪಾಯಿ’ ಅಂದರೆ ತಿಂಗಳಿಗೆ ಶೇ. 1, ವರ್ಷಕ್ಕೆ ಶೇ. 12. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಯಾವ ಮೊತ್ತದ ಮೇಲೆ ಹಾಕಬೇಕು ಎನ್ನುವಲ್ಲಿ ಎಡವುತ್ತೇವೆ. ಒಬ್ಬರು 12,000 ಸಾಲ ಪಡೆದು ತಿಂಗಳಿಗೆ 1,000 ಅಸಲಿನಂತೆ ಹನ್ನೆರಡು ತಿಂಗಳಲ್ಲಿ ತೀರಿಸುತ್ತಾರೆ ಅಂದುಕೊಳ್ಳಿ. ಉಳಿದ ಬಾಕಿಯ ಮೇಲಷ್ಟೇ ಬಡ್ಡಿ ಹಾಕಿದರೆ ಮೊದಲ ತಿಂಗಳು 120, ಎರಡನೆಯದು 110, ಹೀಗೆ ಇಳಿದು ಕೊನೆಯ ತಿಂಗಳು 10. ಒಟ್ಟು 780. ಕೊನೆಯವರೆಗೂ 12,000ದ ಮೇಲೆಯೇ ಹಾಕಿದರೆ, ಅಂದರೆ ಫ್ಲಾಟ್ ಬಡ್ಡಿಯಾದರೆ, ತಿಂಗಳಿಗೆ 120ರಂತೆ 1,440. ಬಾಯಲ್ಲಿ ಎರಡೂ ‘ನೂರಕ್ಕೆ ಒಂದು’. ಕೈಯಿಂದ ಹೋಗುವುದರಲ್ಲಿ 660 ರೂಪಾಯಿ ವ್ಯತ್ಯಾಸ. ಆ ಫ್ಲಾಟ್ ಬಡ್ಡಿಯನ್ನು ಇಳಿಯುವ ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ವರ್ಷಕ್ಕೆ ಹತ್ತಿರಹತ್ತಿರ ಶೇ. 21 ಆಗುತ್ತದೆ. ಮನೆ ಬಾಗಿಲಿಗೆ ಬಂದು ಸಾಲ ಕೊಡುತ್ತೇವೆ ಎನ್ನುವವರ ಹತ್ತಿರವೂ ಇದೇ ಪ್ರಶ್ನೆ ಕೇಳಿ: ಬಡ್ಡಿ ಬಾಕಿಯ ಮೇಲೋ, ಮೊದಲ ಮೊತ್ತದ ಮೇಲೋ? ನಮ್ಮ ಸಂಘ ಯಾವುದನ್ನು ಅನುಸರಿಸುತ್ತದೆ ಎನ್ನುವುದು ನಡಾವಳಿ ಪುಸ್ತಕದಲ್ಲಿ ಠರಾವಾಗಿ ಇರಬೇಕು. ಬಾಕಿಯ ಮೇಲೆ ಹಾಕುವುದೇ ನ್ಯಾಯ ಎಂದು ನಾನಂತೂ ಖಂಡಿತವಾಗಿ ಹೇಳುತ್ತೇನೆ. ತೀರಿಸಿಬಿಟ್ಟ ಅಸಲಿಗೆ ಮತ್ತೆ ಬಡ್ಡಿ ಯಾಕೆ ಕೊಡಬೇಕು?

ಮೊದಲ ತಿಂಗಳು 1,120 ತರಬೇಕಾದವರು 700 ತಂದರೆ? ಮೊದಲು ಬಡ್ಡಿ 120 ಕಳೆಯಿರಿ, ಉಳಿದ 580 ಅಸಲಿಗೆ. ಬಾಕಿ 11,420. ಮುಂದಿನ ತಿಂಗಳ ಬಡ್ಡಿ 114 ರೂಪಾಯಿ 20 ಪೈಸೆ. ಪೈಸೆಯನ್ನು ಹತ್ತಿರದ ರೂಪಾಯಿಗೆ ತರುವುದಾದರೆ ಅದನ್ನೂ ಠರಾವು ಮಾಡಿ, ಎಲ್ಲರಿಗೂ ಒಂದೇ ರೀತಿ ಮಾಡಿ. ಕೆಲವು ಸಂಘಗಳಲ್ಲಿ 700ನ್ನೂ ಅಸಲಿಗೆ ಬರೆದು ‘ಬಡ್ಡಿ ಮುಂದಿನ ಸಲ’ ಅನ್ನುತ್ತಾರೆ. ಮುಂದಿನ ಸಲ ಆ ಬಡ್ಡಿ ಯಾರ ನೆನಪಿನಲ್ಲೂ ಇರುವುದಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ತೀರಿಸಲಾಗದ ಹಳೆಯ ಸಾಲವನ್ನು ಪುಸ್ತಕದಲ್ಲೇ ‘ತೀರಿತು’ ಎಂದು ಬರೆದು, ಅದೇ ದಿನ ಅದೇ ಸದಸ್ಯೆಗೆ ಅಷ್ಟೇ ಮೊತ್ತದ ಹೊಸ ಸಾಲ ಬರೆಯುವುದು. ಒಂದು ರೂಪಾಯಿಯೂ ಕೈ ಬದಲಾಗಿಲ್ಲ, ಆದರೆ ಮರುಪಾವತಿ ನೂರಕ್ಕೆ ನೂರು ಎಂದು ಕಾಣುತ್ತದೆ. ಮರುಕದಿಂದಲೇ ಹಾಗೆ ಮಾಡಿರುತ್ತಾರೆ. ಆದರೆ ಆ ಮನೆಯ ಕಷ್ಟ ಪುಸ್ತಕದಿಂದ ಮಾಯವಾದ ಮೇಲೆ ಸಂಘದ ಕಣ್ಣಿನಿಂದಲೂ ಮಾಯವಾಗುತ್ತದೆ. ಕಂತು ಚಿಕ್ಕದು ಮಾಡಬೇಕೇ, ಅವಧಿ ಹೆಚ್ಚಿಸಬೇಕೇ? ಸಭೆಯಲ್ಲಿ ಮಾತಾಡಿ, ಕಾರಣ ಬರೆದು, ಹಳೆಯ ಸಾಲದ ಪುಟದಲ್ಲೇ ಹೊಸ ಕಂತು ನಮೂದಿಸಿ.

ಇನ್ನು ಬ್ಯಾಂಕ್ ಪಾಸ್ ಪುಸ್ತಕ. ತಿಂಗಳಿಗೊಮ್ಮೆ ಪ್ರಿಂಟ್ ಹಾಕಿಸಲೇಬೇಕು. ಉಳಿತಾಯ ಖಾತೆಯದು ಬೇರೆ, ಸಾಲದ ಖಾತೆಯದು ಬೇರೆ. ಎರಡೂ ಬೇಕು. ನಮ್ಮ ಹನ್ನೆರಡು ಜನರ ಸಂಘದ ಪುಸ್ತಕ ಮಾರ್ಚ್ 31ಕ್ಕೆ ಬ್ಯಾಂಕಿನಲ್ಲಿ 18,450 ಇದೆ ಎನ್ನುತ್ತದೆ. ಪಾಸ್ ಪುಸ್ತಕ 16,050 ರೂಪಾಯಿ 30 ಪೈಸೆ ಎನ್ನುತ್ತದೆ. 2,399 ರೂಪಾಯಿ 70 ಪೈಸೆ ಎಲ್ಲಿ ಹೋಯಿತು? ಗಾಬರಿ ಬೇಡ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು, ಎರಡರಲ್ಲೂ ಇರುವ ಪ್ರತಿ ಸಾಲಿಗೆ ಪೆನ್ಸಿಲ್‌ನಿಂದ ಟಿಕ್ ಹಾಕುತ್ತಾ ಬನ್ನಿ. ಕೊನೆಗೆ ಟಿಕ್ ಇಲ್ಲದ ಸಾಲುಗಳು ಉಳಿಯುತ್ತವೆ, ಉತ್ತರ ಅಲ್ಲಿದೆ.

ಪಾಸ್ ಪುಸ್ತಕದಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಮೂರು: ಬ್ಯಾಂಕು ಕೊಟ್ಟ ಬಡ್ಡಿ 118, ಎಸ್‌ಎಂಎಸ್ ಶುಲ್ಕ ಜಿಎಸ್‌ಟಿ ಸೇರಿ 17 ರೂಪಾಯಿ 70 ಪೈಸೆ, ತಾನಾಗಿ ಕಡಿತವಾದ ಸಾಲದ ಕಂತು 4,000. ಇವು ನಡೆದುಹೋದ ವ್ಯವಹಾರ, ನಮಗೆ ತಿಳಿದದ್ದು ತಡವಾಗಿ. ಆದ್ದರಿಂದ ನಮ್ಮ ಪುಸ್ತಕದಲ್ಲಿ ಈಗ ಬರೆಯಬೇಕು. 18,450ಕ್ಕೆ 118 ಕೂಡಿಸಿ, 17.70 ಮತ್ತು 4,000 ಕಳೆದರೆ 14,550.30.

ನಮ್ಮಲ್ಲಿ ಇದ್ದು ಪಾಸ್ ಪುಸ್ತಕದಲ್ಲಿ ಇಲ್ಲದ್ದು ಎರಡು: ಒಬ್ಬ ಸದಸ್ಯೆಗೆ ಕೊಟ್ಟ 2,000ದ ಚೆಕ್ ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. ಸಭೆಯಲ್ಲಿ ತೆಗೆದಿಟ್ಟ 500 ರೂಪಾಯಿಯನ್ನು, ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕಟ್ಟಿಸಿಕೊಳ್ಳುವ ಬಿಸಿ (ಬಿಸಿನೆಸ್ ಕರೆಸ್ಪಾಂಡೆಂಟ್) ಪಾಯಿಂಟ್‌ನಲ್ಲಿ ಕಟ್ಟಿದ್ದು ಇನ್ನೂ ಜಮೆಯಾಗಿಲ್ಲ. 16,050.30ಕ್ಕೆ 500 ಕೂಡಿಸಿ 2,000 ಕಳೆಯಿರಿ. 14,550.30. ಎರಡೂ ಕಡೆ ಒಂದೇ ಅಂಕಿ ಬಂತು. ಇದೇ ತಾಳೆ ಪಟ್ಟಿ. ಒಂದು ಹಾಳೆಯಲ್ಲಿ ಬರೆದು, ಮುಂದಿನ ಸಭೆಯಲ್ಲಿ ಓದಿ, ನಡಾವಳಿ ಪುಸ್ತಕಕ್ಕೆ ಅಂಟಿಸಿ.

ಚೆಕ್ ಪಡೆದ ಸದಸ್ಯೆಗೆ ನೆನಪಿಸಬೇಕು, ಚೆಕ್ ಮೇಲಿನ ತಾರೀಖಿನಿಂದ ಮೂರು ತಿಂಗಳಷ್ಟೇ ಅದು ನಡೆಯುತ್ತದೆ. ಬಿಸಿ ಪಾಯಿಂಟ್‌ನ 500 ಎರಡು ಕೆಲಸದ ದಿನದಲ್ಲೂ ಬರದಿದ್ದರೆ ಯಂತ್ರದ ಚೀಟಿ ಹಿಡಿದು ಶಾಖೆಗೆ ಹೋಗಿ. ಆ ಚೀಟಿ ಬಿಸಿಗೆ ಅಚ್ಚಾಗುವ ಕಾಗದ, ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ. ಪಡೆದ ದಿನವೇ ತಾರೀಖು, ಮೊತ್ತ, ವ್ಯವಹಾರದ ಸಂಖ್ಯೆಯನ್ನು ವೋಚರ್ ಮೇಲೆ ಪೆನ್ನಿನಲ್ಲಿ ಬರೆದಿಡಿ. ಚೀಟಿ ಬರಲಿಲ್ಲ, ‘ಆಗಿದೆ ಬಿಡಿ’ ಅಂದರು ಎಂದರೆ ಹಣ ಕಟ್ಟಿದ ಹಾಗಲ್ಲ.

ಕಡಿತವಾದ ಆ 4,000 ಪೂರ್ತಿ ಅಸಲಲ್ಲ. ಅದರಲ್ಲಿ ಬ್ಯಾಂಕಿನ ಬಡ್ಡಿ ಎಷ್ಟು, ಅಸಲು ಎಷ್ಟು ಎನ್ನುವುದು ಸಾಲದ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ ಸಿಗುತ್ತದೆ. ಎಲ್ಲವನ್ನೂ ಅಸಲು ಎಂದು ಬರೆದ ಸಂಘಕ್ಕೆ ಕೊನೆಯಲ್ಲಿ ‘ಸಾಲ ತೀರಿತು’ ಅನ್ನಿಸುತ್ತದೆ, ಬ್ಯಾಂಕಿನಲ್ಲಿ ಇನ್ನೂ ಬಾಕಿ ನಿಂತಿರುತ್ತದೆ. ಅವಧಿ ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ. ಆಮೇಲೆ ಹೊಸ ಸಾಲದ ದಾರಿ ಮುಚ್ಚುತ್ತದೆ.

ಈಗ ಇಡೀ ಸಂಘವನ್ನು ಒಂದೇ ಹಾಳೆಗೆ ತರೋಣ. ಎಡಗಡೆ ‘ಹಣ ಯಾರದು’, ಬಲಗಡೆ ‘ಹಣ ಎಲ್ಲಿದೆ’. ಸದಸ್ಯರ ಉಳಿತಾಯ 62,400, ಬ್ಯಾಂಕಿನ ಸಾಲದ ಬಾಕಿ 85,000, ಸಂಘದ ಕೂಡಿಟ್ಟ ಲಾಭ 9,150.30. ಒಟ್ಟು 1,56,550.30. ಬಲಗಡೆ: ಸದಸ್ಯರು ಸಂಘಕ್ಕೆ ಕೊಡಬೇಕಾದ ಸಾಲ 1,41,850, ಬ್ಯಾಂಕಿನಲ್ಲಿ 14,550.30, ಪೆಟ್ಟಿಗೆಯಲ್ಲಿ 150. ಅದೂ 1,56,550.30. ಉಳಿತಾಯವನ್ನು ಎಡಗಡೆ ಬರೆದದ್ದನ್ನು ಗಮನಿಸಿ. ಅದು ಸಂಘದ ಆದಾಯವಲ್ಲ, ಸಂಘ ಸದಸ್ಯರಿಗೆ ತೀರಿಸಬೇಕಾದ ಋಣ. ಸದಸ್ಯರಿಂದ ಬಂದ ಬಡ್ಡಿ, ದಂಡ, ಬ್ಯಾಂಕ್ ಬಡ್ಡಿ ಇಷ್ಟೇ ಆದಾಯ. ಬಡ್ಡಿಯನ್ನೂ ಕೈಗೆ ಬಂದಾಗಲೇ ಆದಾಯ ಎಂದು ಬರೆಯಿರಿ, ಬರಬೇಕಾದದ್ದನ್ನು ಮೊದಲೇ ಬರೆದುಕೊಂಡು ಲಾಭ ಹಂಚಬೇಡಿ.

1,41,850 ಸರಿಯೇ ಎಂದು ನೋಡಲು ಸಾಲದ ಪುಟಗಳ ಬಾಕಿಯನ್ನೆಲ್ಲ ಕೂಡಿಸಬೇಕು. ಜೊತೆಗೆ ಮೂರು ತಿಂಗಳಿಗೊಮ್ಮೆ ಎಲ್ಲ ಸದಸ್ಯರ ಪಾಸ್ ಪುಸ್ತಕಗಳನ್ನು ಒಂದೇ ದಿನ ತರಿಸಿ ಸಂಘದ ಪುಟದ ಜೊತೆ ಹೋಲಿಸಿ. ಕೂಡಿದ್ದು ತಾಳೆಯಾಗದಿದ್ದರೆ ಲೆಕ್ಕ ಬರೆಯುವವರ ಹಳೆಯ ಉಪಾಯವೊಂದಿದೆ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲು ಬದಲಾಗಿರಬಹುದು: 540ನ್ನು 450 ಎಂದು ಬರೆದರೆ ವ್ಯತ್ಯಾಸ 90. ಸೊನ್ನೆಯೊಂದು ಬಿಟ್ಟುಹೋದರೂ ಹೀಗೇ: 500 ಇರಬೇಕಾದಲ್ಲಿ 50 ಬರೆದರೆ 450. ಇನ್ನು ವ್ಯತ್ಯಾಸದ ಅರ್ಧದಷ್ಟು ಮೊತ್ತ ಪುಸ್ತಕದಲ್ಲಿ ಎಲ್ಲಾದರೂ ಇದೆಯೇ ನೋಡಿ, ಬಂದದ್ದನ್ನು ಹೋದ ಕಡೆ ಬರೆದಿರುತ್ತೀರಿ.

ಇನ್ನು ನೀವು ಕೇಳಿದ ಪ್ರಶ್ನೆಗಳು.

‘ಉಳಿತಾಯ ಖಾತೆ ತೆರೆಯಲು ಹನ್ನೆರಡೂ ಜನರ ಕೆವೈಸಿ (ಗುರುತು, ವಿಳಾಸದ ದಾಖಲೆ) ಕೇಳುತ್ತಾರೆ.’ ಸ್ವಸಹಾಯ ಸಂಘದ ಉಳಿತಾಯ ಖಾತೆಗೆ ಪದಾಧಿಕಾರಿಗಳ ಕೆವೈಸಿ ಸಾಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಾಲ ಕೊಡುವ ಹಂತದಲ್ಲಿ ಎಲ್ಲರದನ್ನೂ ಕೇಳಬಹುದು.

‘ಸಾಲ ಕೊಟ್ಟ ಮೇಲೆ ಉಳಿತಾಯ ಖಾತೆಯ ಹಣ ತೆಗೆಯಲು ಬಿಡುತ್ತಿಲ್ಲ.’ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್‌ನಡಿ, ನಮ್ಮಲ್ಲಿ ಸಂಜೀವಿನಿ ಎನ್ನುತ್ತೇವಲ್ಲ, ಆ ಸಂಘಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯ ಹಣ ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎಂದು ಒತ್ತಾಯಿಸುವಂತಿಲ್ಲ. ಶಾಖೆಗೆ ಬರಹದಲ್ಲಿ ದೂರು ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಬಾಯಿಮಾತಿನ ದೂರು ಎಲ್ಲೂ ದಾಖಲಾಗುವುದಿಲ್ಲ, ನೆನಪಿಡಿ.

‘ಪ್ರತಿ ಸಲ ಇಬ್ಬರ ಸಹಿಗೆ ಅಲೆಯಬೇಕು, ಖಾಲಿ ಫಾರಂಗೆ ಮೊದಲೇ ಸಹಿ ಹಾಕಿಟ್ಟರೆ ಆಗದೇ?’ ಆಗದು. ಇಬ್ಬರ ಸಹಿ ಇಟ್ಟಿರುವುದೇ ಮೊತ್ತ ನೋಡಿ ಇಬ್ಬರೂ ಒಪ್ಪಲಿ ಎಂದು. ಸಭೆಯಲ್ಲಿ ಠರಾವು ಬರೆದ ಮೇಲೆ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ತುಂಬಿ, ಆಮೇಲೆ ಸಹಿ. ಮೂವರಲ್ಲಿ ಯಾರಾದರೂ ಇಬ್ಬರು ಎಂದು ಬ್ಯಾಂಕಿಗೆ ಬರೆದುಕೊಟ್ಟರೆ ಅಲೆದಾಟ ಕಡಿಮೆಯಾಗುತ್ತದೆ.

‘ನನ್ನ ಖಾತೆಯಿಂದ 436, 20 ಎಂದು ಕಡಿತವಾಗಿದೆ.’ 436 ಜೀವನ್ ಜ್ಯೋತಿ ವಿಮೆ, 20 ಸುರಕ್ಷಾ ಅಪಘಾತ ವಿಮೆ, ಎರಡೂ ವರ್ಷಕ್ಕೊಮ್ಮೆ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ, ಮನೆಯವರಿಗೆ ಅದು ತಿಳಿಯುವುದು ಸಾವಾದ ಮೇಲೆ. ಮೇ ತಿಂಗಳ ಒಂದು ಸಭೆಯಲ್ಲಿ ಎಲ್ಲರ ಸ್ವಂತ ಪಾಸ್ ಪುಸ್ತಕ ನೋಡಿಬಿಡಿ.

‘ಮದುವೆಯಾಗಿ ಬೇರೆ ಊರಿಗೆ ಹೋಗುವವರಿಗೆ ಎಷ್ಟು ಕೊಡಬೇಕು?’ ಬೈಲಾದಲ್ಲಿ ಬೇರೆ ರೀತಿ ಇಲ್ಲದಿದ್ದರೆ, ನಮ್ಮ ಉದಾಹರಣೆಯಲ್ಲಿ ಉಳಿತಾಯ 5,200, ಲಾಭದ ಹನ್ನೆರಡರಲ್ಲಿ ಒಂದು ಪಾಲು (ಮೇಲಿನ 30 ಪೈಸೆ ಬಿಟ್ಟು) 762.50, ಒಟ್ಟು 5,962.50. ಅವರ ಸಾಲ 3,000 ಬಾಕಿ ಇದ್ದರೆ ಕಳೆದು 2,962.50. ಲಾಭ ಹಂಚುವ ಮೊದಲು ವಸೂಲಾಗುವ ನಂಬಿಕೆಯಿಲ್ಲದ ಸಾಲ ಇದೆಯೇ ನೋಡಿ, ಇದ್ದರೆ ಲಾಭದಲ್ಲಿ ಅಷ್ಟನ್ನು ತೆಗೆದಿಟ್ಟು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಹೊಸದಾಗಿ ಬರುವವರಿಗೂ ಇದೇ ಪ್ರಶ್ನೆ ಏಳುತ್ತದೆ, ಹಳೆಯ ಲಾಭದಲ್ಲಿ ಅವರಿಗೆ ಪಾಲಿದೆಯೇ ಎಂದು ಸೇರಿಸಿಕೊಳ್ಳುವ ದಿನವೇ ಬರೆಯಿರಿ.

‘ಪುಸ್ತಕ ಬರೆಯುವವರು ಬದಲಾದರೆ?’ ತಿಂಗಳ ಕೊನೆಯ ಸಭೆಯಲ್ಲೇ ಬದಲಾಯಿಸಿ, ನಡುವೆ ಬೇಡ. ಅವತ್ತು ಪೆಟ್ಟಿಗೆಯ ಹಣ ಎಣಿಸಿ, ಬ್ಯಾಂಕ್ ತಾಳೆ ಪಟ್ಟಿ ಮಾಡಿ, ಯಾವ ಪುಸ್ತಕ ಯಾವ ಪುಟದವರೆಗೆ ಬರೆದಿದೆ ಎಂದು ಪಟ್ಟಿ ಬರೆಯಿರಿ. ಬಳಸದ ಚೆಕ್ ಹಾಳೆಗಳ ಸಂಖ್ಯೆಯೂ ಅದರಲ್ಲಿ ಇರಲಿ. ಕೊಡುವವರು, ಪಡೆಯುವವರು, ಇಬ್ಬರು ಪ್ರತಿನಿಧಿಗಳು, ನಾಲ್ಕು ಸಹಿ. ಕೊನೆಯ ನಮೂದಿನ ಕೆಳಗೆ ಎರಡು ಗೆರೆ ಎಳೆದು, ಹೊಸಬರು ಅದರ ಕೆಳಗಿನಿಂದ ಬರೆಯಲಿ.